ಒಳಗ ಏನ್ ಹೇಳ್ದಿ ಅಂತ ಕೇಳಬ್ಯಾಡ್ರಿ

ಹೋದ ತಿಂಗಳು ಸಿರುಗುಪ್ಪದಾಗ ನಮ್ಮ ದೊಡ್ಡವ್ವನ ಮೊಮ್ಮಗಳ ಕುಬಸ ಇತ್ತು. ಅಡಿಗಿಮನ್ಯಾಗ ಎಂಟ್ಹತ್ತು ಮಂದಿ ಕುಂತು ಬದನಿಕಾಯಿ ಹೆಚ್ಚಾಕತ್ತಿದ್ವಿ. ಆವಾಗ ಒಬ್ಬಾಕಿ (ಹೆಸರು ಬರಿಯಂಗಿಲ್ಲ, ಓದಿದ್ರ ಅಕಿಗೇ ಗೊತ್ತಾಗತೈತಿ) ನನ್ನ ಕಡೆ ವಾಲಿ ಕೇಳಿದ್ಲು: "ಅಲ್ಲಮ್ಮಾ, ನಿನ್ನ ತಂಗಿ ಬಳ್ಳಾರ್ಯಾಗ ಅದ್ಯಾರೋ ಕೌನ್ಸೆಲಿಂಗ್ ಮೇಡಂ ಹತ್ರ ವಾರವಾರ ಹೋಗ್ತಾಳಂತಲ್ಲ. ಅಷ್ಟೊತ್ತು ಒಳಗ ಕುಂತು ಅದೇನ್ ಹೇಳ್ತಾಳ?" ಮೆತ್ತಗೇ ಕೇಳಿದ್ಲು, ಆದ್ರ ಎಲ್ಲಾರ ಈಳಿಗೀನೂ ನಿಂತ್ವು.

ನಾನು "ಬದನಿಕಾಯಿ ಕರ್ರಗಾಗ್ತಾವ, ಉಪ್ಪುನೀರು ತರ್ತೀನಿ" ಅಂತ ಎದ್ದು ಹೋದೆ. ಕಾರ್ಯದ ಮನ್ಯಾಗ ಜಗಳ ಬ್ಯಾಡ ಅಂತ. ಅಲ್ಲಿ ಹೇಳ್ಲಾರದ್ದನ್ನ ಇಲ್ಲಿ ಬರೀತೀನಿ. ಸಿಟ್ಟಿನಾಗೇ ಬರೀತೀನಿ. ಆ ಸಿಟ್ಟಿನಾಗ ಅರ್ಧ ನನ್ನ ಮ್ಯಾಲೇ ಐತಿ, ಅದಕ್ಕ ಯಾರೂ ಬ್ಯಾಸರ ಮಾಡ್ಕೋಬ್ಯಾಡ್ರಿ. ನನ್ನ ತಂಗಿ ಯಾಕ ಹೋಗ್ತಾಳ ಅನ್ನೋದನ್ನ ಮಾತ್ರ ಇದರಾಗ ಹುಡುಕಬ್ಯಾಡ್ರಿ, ಸಿಗಂಗಿಲ್ಲ.

ಮೊದಲು ನನ್ನ ತಪ್ಪು ಹೇಳ್ತೀನಿ.

ತಂಗಿನ್ನ ಕುರುಗೋಡಿಗೆ ಕೊಟ್ಟೀವಿ. ಎರಡು ವರ್ಷದ ಹಿಂದ ಅಕಿ ಈ ಮೇಡಂ ಹತ್ರ ಹೋಗಾಕ ಶುರು ಮಾಡಿದಾಗ ಪ್ರತಿ ಗುರುವಾರ ಕುರುಗೋಡು ಬಸ್ಸಿಗೆ ಬಳ್ಳಾರಿಗೆ ಬರ್ತಿದ್ಲು. ನಾನು ಗಾಂಧಿನಗರದಿಂದ ಹೋಗಿ ಸ್ಟ್ಯಾಂಡಿನಾಗ ಕರ್ಕೊಂತಿದ್ದೆ. ಅಕಿ ಒಳಗ ಹೋದ್ರ ನಾನು ಹೊರಗ ಬೆಂಚಿನ ಮ್ಯಾಲೆ ಕುಂಡ್ರತಿದ್ದೆ. ಮುಕ್ಕಾಲು ತಾಸು, ಕೆಲವೊಮ್ಮೆ ಐವತ್ತು ನಿಮಿಷ. ಬರುವಾಗ ಮಂಡಕ್ಕಿ ಒಗ್ಗರಣಿ, ಮಿರ್ಚಿ ತಿನ್ನಾಕ ಕುಂಡ್ರತಿದ್ವಿ. ಮಿರ್ಚಿ ಮುರಿಯೋದ್ರಾಗ ನಾನು ಶುರು ಹಚ್ಚತಿದ್ದೆ: "ಏನ್ ಕೇಳಿದ್ರು? ನೀ ಏನಂದಿ? ಅಮ್ಮನ ಬಗ್ಗೆ ಏನರ ಹೇಳಿದೇನು? ನನ್ನ ಬಗ್ಗೆ?"

ನಾಲ್ಕು ವಾರ ಅಕಿ ಬಾಯಿ ಬಿಡ್ಲಿಲ್ಲ. ಐದನೇ ವಾರ ನನ್ನ ಕಾಟ ತಾಳ್ಲಾರದ ಒಂದು ಮಾತು ಹೇಳಿದ್ಲು. ಒಂದೇ ಒಂದು. ಅವತ್ತು ರಾತ್ರಿ ನಾನು ಸಿರುಗುಪ್ಪಕ್ಕ ಅಮ್ಮಗ ಫೋನ್ ಹಚ್ಚಿ ಅದನ್ನ ಹೇಳಿ, "ಯಾರ ಮುಂದೂ ಅನಬ್ಯಾಡ" ಅಂದೆ. ಅಮ್ಮ ಚಿಗವ್ವಗ ಹೇಳಿ, ಅಕಿನೂ "ಯಾರ ಮುಂದೂ ಅನಬ್ಯಾಡ" ಅಂದ್ಲಂತ. ನಾಲ್ಕು ದಿನದಾಗ ಆ ಮಾತು ಕುರುಗೋಡಿನಾಗ ದೊಡ್ಡಬಸವೇಶ್ವರ ಗುಡಿ ಮುಂದ ತಂಗಿ ಅತ್ತಿ ಕಿವಿಗೆ ಬಿತ್ತು. ಅಷ್ಟೊತ್ತಿಗೆ ಅದಕ್ಕ ಕೈಕಾಲು ಬಂದಿದ್ವು, ಅಕಿ ಆಡದ ಮಾತೂ ಸೇರಿದ್ವು.

ಮುಂದಿನ ಗುರುವಾರ ಅಕಿ ಬಸ್ಸಿನಿಂದ ಇಳೀಲಿಲ್ಲ. ಫೋನ್ ಮಾಡಿದ್ರ ಇಷ್ಟೇ ಅಂದ್ಲು: "ಅಕ್ಕಾ, ನಾ ಅಲ್ಲಿ ಹೇಳಿದ್ದರಿಂದ ಏನೂ ಆಗ್ಲಿಲ್ಲ. ನಿನ್ನ ಮುಂದ ಹೇಳಿದ್ದರಿಂದ ಆತು."

ಏಳು ತಿಂಗಳು ಅಕಿ ಯಾರ ಹತ್ರನೂ ಹೋಗ್ಲಿಲ್ಲ. ಆ ಏಳು ತಿಂಗಳದಾಗ ಒಂದು ರಾತ್ರಿ ಎರಡು ಗಂಟೆಗೆ ನಮಗ ಫೋನ್ ಬಂತು. ನಾನು, ನಮ್ಮ ಮನಿಯವರು ಉಟ್ಟ ಬಟ್ಟಿಮ್ಯಾಲೆ ಕುರುಗೋಡಿಗೆ ಓಡಿದ್ವಿ. ದೇವರು ದೊಡ್ಡಾವ, ತಂಗಿ ನಮ್ಮ ಕೈಗೆ ಸಿಕ್ಕಳು. ಆ ರಾತ್ರಿ ಬಗ್ಗೆ ಇದಕ್ಕಿಂತ ಹೆಚ್ಚು ಬರಿಯೋ ಹಕ್ಕು ನನಗಿಲ್ಲ.

ಅವತ್ತಿನಿಂದ ನನಗ ಗೊತ್ತಾಗಿದ್ದು ಇದು. ಆ ಕೋಣ್ಯಾಗ ನಡೆಯೋ ಚಿಕಿತ್ಸಾಕ್ಕ ಇಂಜೆಕ್ಷನ್ ಇಲ್ಲ, ಮೆಷಿನ್ ಇಲ್ಲ. ಅಲ್ಲಿ ಇರೋದು ಎರಡು ಕುರ್ಚಿ, ಮುಚ್ಚಿದ ಬಾಗಿಲು. ನಾವು ಬಾಗಿಲು ತಗದ್ವಿ ಅಂದ್ರ ಚಿಕಿತ್ಸಾನೇ ನಿಂತುಹೋಗತೈತಿ. ಮಾವಿನಕಾಯಿ ಉಪ್ಪಿನಕಾಯಿ ಹಾಕಿ ಭರಣಿ ಬಾಯಿಗೆ ಬಟ್ಟಿ ಕಟ್ಟಿ ಇಡ್ತೀವಿ. ದಿನಾ ತಗದು ಹಸಿ ಕೈ ಹಾಕಿ "ಆತೇನು, ಆತೇನು" ಅಂತ ನೋಡಿದ್ರ ಬೂಷ್ಟು ಹಿಡೀತೈತಿ ಅಂತ ನಮಗೆಲ್ಲಾರಿಗೂ ಗೊತ್ತೈತಿ. ಕಾಯಿ ವಿಷಯದಾಗ ಇರೋ ತಾಳ್ಮಿ ಹೆಣ್ಣುಮಗಳ ವಿಷಯದಾಗ ಯಾಕ ಇಲ್ಲ?

ಈಗ ನೀವು ನನಗ ಕೇಳೋ ಮಾತುಗಳಿಗೆ ಒಂದೊಂದಾಗಿ ಬರ್ತೀನಿ.

"ನಾವಿಲ್ಲೇನು? ನಮ್ಮ ಮುಂದ ಹೇಳ್ಕೋಬೋದಲ್ಲ, ಹೊರಗಿನಾಕಿ ಹತ್ರ ಯಾಕ?" ಇದನ್ನ ಎಲ್ಲಾರೂ ಪ್ರೀತಿಯಿಂದಾನೇ ಕೇಳ್ತೀರಿ. ಆದ್ರ ಒಂದು ಸಲ ಎದಿ ಮುಟ್ಟಿ ಹೇಳ್ರಿ: ಸಂಜಿಮುಂದ ಕಟ್ಟಿಮ್ಯಾಲೆ ಹೇಳಿದ ಮಾತು ರಾತ್ರಿ ಊಟದ ಹೊತ್ತಿಗೆ ಎಷ್ಟು ಮನಿ ದಾಟಿರತೈತಿ? ನಮ್ಮ ಪ್ರೀತಿ ಸುಳ್ಳಲ್ಲ. ಆದ್ರ ನಮಗ ಅಕಿ ಅತ್ತಿನೂ ಗೊತ್ತು, ಗಂಡನೂ ಗೊತ್ತು, ನಾಳೆ ಅವರ ಮನ್ಯಾಗ ಊಟಕ್ಕ ಕುಂಡ್ರೋರೂ ನಾವೇ. ಅಕಿ ಬಾಯಿ ತಗಿಯೋದ್ರಾಗ ನಾವು "ಹೊಂದ್ಕೊಂಡು ಹೋಗವ್ವಾ, ನಾವೆಲ್ಲ ಹೋಗ್ಲಿಲ್ಲೇನು" ಅಂತೀವಿ, ಇಲ್ಲಾ "ನನ್ನ ಕಥಿ ಕೇಳು" ಅಂತ ನಮ್ಮದು ಹಚ್ತೀವಿ. ಹೊರಗಿನಾಕಿಗೆ ಅಕಿ ಮನಿ ಆಸ್ತಿ, ಜಾತಿ, ಬೀಗತನ ಯಾವುದರಾಗೂ ಪಾಲಿಲ್ಲ. ಹೊರಗಿನಾಕಿ ಆಗಿದ್ದಕ್ಕೇ ಅಕಿ ಮುಂದ ಹೇಳಾಕ ಬರತೈತಿ.

"ಅಲ್ಲಿ ಹೋಗಿ ನಮ್ಮ ಮ್ಯಾಲೆ ಚಾಡಿ ಹೇಳ್ತಾಳ. ಆ ಮೇಡಂ ಗಂಡನ್ನ ಬಿಡು ಅಂತ ಕಲಸ್ತಾಳ." ಅತ್ತೇರಾ, ನಿಮಗೇ ಈ ಮಾತು. ಕಲ್ತ ಕೌನ್ಸೆಲರ್ ಯಾರೂ "ಗಂಡನ್ನ ಬಿಡು" ಅನ್ನಂಗಿಲ್ಲ, "ಗಂಡನ ಜೊತಿ ಇರು" ಅಂತನೂ ಅನ್ನಂಗಿಲ್ಲ. ಮೊದಮೊದಲು ಹೋಗೋರಿಗೆ ಇದೇ ಬ್ಯಾಸರ: ಇಷ್ಟು ರೊಕ್ಕ ಕೊಟ್ಟೀನಿ, ಏನ್ ಮಾಡಬೇಕು ಅಂತ ಹೇಳವಲ್ಲರು! ಅವರ ಕೆಲಸ ತೀರ್ಪು ಕೊಡೋದಲ್ಲ, ಅಕಿಗೆ ತನ್ನ ಮಾತು ತನಗೇ ಕೇಳಸೋ ಹಂಗ ಮಾಡೋದು. ಇನ್ನ ಚಾಡಿ ಅಂದ್ರ, ನಾಲ್ಕು ಮಂದಿ ಮುಂದ ನಿಮ್ಮ ಮರ್ಯಾದಿ ಕಳಿಯೋದು ಚಾಡಿ. ಯಾರಿಗೂ ಹೇಳ್ಲಾರದಾಕಿ ಮುಂದ ತನ್ನ ಸಂಕಟ ಹೇಳ್ಕೊಳ್ಳೋದು ಚಾಡಿ ಹೆಂಗಾಗತೈತಿ? ಅಷ್ಟು ಅಂಜಿಕಿ ಇದ್ರ, ಅಲ್ಲಿ ಹೇಳಿಸ್ಕೊಳ್ಳೋ ಅಂಥಾದ್ದೇನು ಮಾಡೀವಿ ಅಂತ ನಮ್ಮನ್ನ ನಾವು ಕೇಳ್ಕೋಬೇಕು. ನಾನೂ ಕೇಳ್ಕೊಂಡೀನಿ, "ನನ್ನ ಬಗ್ಗೆ ಏನರ ಹೇಳಿದೇನು" ಅಂತ ಮಿರ್ಚಿ ಕೈಯಾಗ ಹಿಡ್ಕೊಂಡು ಕೇಳಿದಾಕಿ ನಾನೇ ಅಲ್ಲೇನು.

"ಔಷಧಿಲ್ಲ, ಗುಳಿಗಿಲ್ಲ, ಬರೇ ಮಾತಿಗೆ ರೊಕ್ಕಾನ?" ಇಲ್ಲಿ ಒಂದು ವ್ಯತ್ಯಾಸ ತಿಳ್ಕೊಬೇಕು. ಮನೋವೈದ್ಯರು ಅಂದ್ರ ಡಾಕ್ಟರಿಕಿ ಓದಿದೋರು, ಗುಳಿಗಿ ಬರದು ಕೊಡ್ತಾರ. ಕ್ಲಿನಿಕಲ್ ಸೈಕಾಲಜಿಸ್ಟ್ ಅಂದ್ರ ಮನಸ್ಸಿನ ಶಾಸ್ತ್ರ ಓದಿ, ಪೇಷಂಟ್ ನೋಡೋ ತರಬೇತಿ ತಗೊಂಡೋರು. ಇವರು ಗುಳಿಗಿ ಕೊಡಂಗಿಲ್ಲ, ಮಾತಿನ ಚಿಕಿತ್ಸಾ ಮಾಡ್ತಾರ. ಅವರ ಹೆಸರು ಭಾರತೀಯ ಪುನರ್ವಸತಿ ಪರಿಷತ್ತಿನಾಗ ನೋಂದಣಿ ಆಗಿರಬೇಕು. ನಂಬರ್ ಕೇಳಿದ್ರ ಸಿಟ್ಟಾಗಬಾರದು, ಕೇಳೋದು ನಮ್ಮ ಹಕ್ಕು. ಕೆಲವರಿಗೆ ಗುಳಿಗಿ ಸಾಕು, ಕೆಲವರಿಗೆ ಮಾತು ಸಾಕು, ಭಾಳ ಮಂದಿಗೆ ಎರಡೂ ಬೇಕು. ಗುಳಿಗಿ ತಗೊಳ್ಳೋರು ತಮ್ಮ ಮನಸಿಗೆ ಬಂದಂಗ ಬಿಡಬಾರದು, ಡಾಕ್ಟರಿಗೆ ಕೇಳೇ ಬಿಡಬೇಕು. "ಎಷ್ಟು ವಾರ ಆಗತೈತಿ, ಎಷ್ಟು ಫೀಸು, ಬರಾಕಾಗದಿದ್ರ ಏನು" ಅಂತ ಮೊದಲ ದಿನಾನೇ ಬಾಯಿಬಿಟ್ಟು ಕೇಳಬೇಕು. ರೊಕ್ಕದ ಮಾತು ಆಡಿದ್ರ ಮರ್ಯಾದಿ ಹೋಗಂಗಿಲ್ಲ. ರೊಕ್ಕ ಇಲ್ಲದೋರಿಗೂ ದಾರಿ ಐತಿ. ವಿಮ್ಸ್ ಅಂತ ನಾವು ಕರೆಯೋ ಬಳ್ಳಾರಿ ಸರ್ಕಾರಿ ಮೆಡಿಕಲ್ ಕಾಲೇಜ್ ಆಸ್ಪತ್ರ್ಯಾಗ ಮನೋವೈದ್ಯ ವಿಭಾಗ ಐತಿ.

"ಗಂಡ ಆದಾವಗ, ತಾಯಿ ಆದಾಕಿಗೆ ಹೇಳಬ್ಯಾಡೇನು?" ಕಾನೂನು ಏನಂತೈತಿ ಕೇಳ್ರಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2018ರ ಮೇ 29ರಿಂದ ಜಾರಿಗೆ ಬಂದೈತಿ. ಅದರ 23ನೇ ಸೆಕ್ಷನ್ ಪ್ರಕಾರ ಪೇಷಂಟ್ ವಿಷಯ ಗುಟ್ಟಾಗಿ ಇಡೋದು ಚಿಕಿತ್ಸಾ ಕೊಡೋರ ಕರ್ತವ್ಯ, ಅದು ಪೇಷಂಟಿನ ಹಕ್ಕು. ಅಕಿ ಜೀವಕ್ಕ ಇಲ್ಲಾ ಬ್ಯಾರೆಯವರ ಜೀವಕ್ಕ ಅಪಾಯ ಇದ್ದಾಗ, ಕೋರ್ಟು ಹೇಳಿದಾಗ, ಚಿಕಿತ್ಸಾ ಕೊಡೋ ಇನ್ನೊಬ್ಬ ಡಾಕ್ಟರಿಗೆ ತಿಳಿಸಬೇಕಾದಾಗ, ಹಿಂಗ ಕೆಲವು ಕಡೆ ಮಾತ್ರ ಆ ಗುಟ್ಟು ಬಿಡಬೋದು. ಮಕ್ಕಳ ಮ್ಯಾಲೆ ಲೈಂಗಿಕ ದೌರ್ಜನ್ಯ ನಡದೈತಿ ಅಂತ ಗೊತ್ತಾದ್ರ 2012ರ ಪೋಕ್ಸೋ ಕಾಯ್ದೆ ಪ್ರಕಾರ ತಿಳಿಸಲೇಬೇಕು. ತನ್ನ ಪರವಾಗಿ ಮಾತಾಡೋ ಪ್ರತಿನಿಧಿ ಯಾರು ಅಂತ ಆರಿಸೋ ಹಕ್ಕನ್ನೂ ಅದೇ ಕಾಯ್ದೆ ಅಕಿಗೆ ಕೊಟ್ಟೈತಿ. ಆ ಪ್ರತಿನಿಧಿಗೆ ಕೆಲಸಕ್ಕ ಬೇಕಾದಷ್ಟು ವಿಷಯ ತಿಳಿಸಬೋದು. ಈ ಪಟ್ಟ್ಯಾಗ "ಅಕ್ಕಗ ತಳಮಳ ಆಗಾಕತ್ತೈತಿ, ಹೇಳ್ರಿ" ಅನ್ನೋದು ಎಲ್ಲೂ ಇಲ್ಲ. ನಾನು ಹುಡುಕೀನಿ.

ನನಗ ಗೊತ್ತಿರೋ ಒಬ್ಬ ಗಂಡ, ಹೆಂಡ್ತಿ ಜೊತಿ ಒಳಗ ಹೋಗಿ ಕುಂಡ್ರತಿದ್ದ. ಮೇಡಂ ಹೊರಗ ಕುಂಡ್ರಾಕ ಹೇಳಿದ್ರ "ನಮ್ಮ ನಡುವ ಏನೂ ಮುಚ್ಚುಮರಿ ಇಲ್ಲ ಮೇಡಂ" ಅಂದ್ನಂತ. ಆ ಹೆಣ್ಣುಮಗಳು ಮೂರು ವಾರ ನಡುಬ್ಯಾನಿ ಬಗ್ಗೆನೇ ಮಾತಾಡಿ ಬಂದ್ಲು.

ಇಷ್ಟೊತ್ತು ಮನಿಯವರಿಗೆ ಬೈದೆ. ಈಗ ಹೋಗೋ ಹೆಣ್ಣುಮಕ್ಕಳಿಗೂ ನಾಲ್ಕು ಮಾತು ಅದಾವ. ಇವನ್ನ ತಂಗಿ ತಾನಾಗೇ ಹೇಳಿದ್ಲು, ಬರಿ ಅಂತನೂ ಅಂದ್ಲು.

ನಮ್ಮದು ದೊಡ್ಡ ಊರಲ್ಲ. ಬೆಂಗಳೂರು ರೋಡಿನಾಗ ಸೀರಿ ಅಂಗಡ್ಯಾಗ ಆ ಮೇಡಂ ಎದುರಿಗೆ ಬಂದ್ರ? ತಂಗಿ ಮೊದಲ ದಿನಾನೇ ಇದನ್ನ ಕೇಳಿದ್ಲಂತ. ಅವರು, "ನೀವು ನಕ್ಕರ ನಾನೂ ನಗತೀನಿ. ನೀವು ನೋಡ್ಲಾರದಂಗ ಹೋದ್ರ ನಾನೂ ಹಂಗೇ ಹೋಗ್ತೀನಿ, ಬ್ಯಾಸರ ಮಾಡ್ಕೊಳಂಗಿಲ್ಲ" ಅಂದ್ರಂತ. ಅಷ್ಟು ಕೇಳಿ ತಂಗಿಗೆ ಉಸಿರು ಬಂತಂತ.

ಮಗನ ಜವಳಕ್ಕ ಕರದಾಗ ಮೇಡಂ ಬರ್ಲಿಲ್ಲ. ಸೀರಿ ಕೊಟ್ರ ತಗೊಳ್ಲಿಲ್ಲ. ನನಗ ಸಿಟ್ಟು ಬಂತು, ಎಷ್ಟು ಸೊಕ್ಕು ಅಂತ. ಆಮ್ಯಾಲೆ ತಿಳೀತು: ಜವಳಕ್ಕ ಬಂದು ಅಕಿ ಅತ್ತಿ ಬಾಜೂ ಊಟಕ್ಕ ಕುಂತ್ರ, ಮುಂದಿನ ಗುರುವಾರ ತಂಗಿ ಯಾರ ಮುಂದ ಮಾತಾಡಬೇಕು? ಅದು ಸೊಕ್ಕಲ್ಲ, ಬಾಗಿಲು ಮುಚ್ಚಿಡೋ ಇನ್ನೊಂದು ರೀತಿ. ಗೆಳತಿಗೆ ನಮ್ಮ ಕಷ್ಟ ಹೇಳಿದ್ರ ಅಕಿ ಕಷ್ಟನೂ ಕೇಳಬೇಕಾಗತೈತಿ. ಇಲ್ಲಿ ಆ ಸಾಲ ತೀರಸೋ ಹಂಗಿಲ್ಲ, ಫೀಸು ಕೊಟ್ರ ಮುಗೀತು.

ಅವರ ಮ್ಯಾಲೇ ಸಿಟ್ಟು ಬಂದ್ರ? ಬರತೈತಿ. ಅತ್ತು ಬಂದ ದಿನ "ಯಾಕರ ಹೋದ್ನೋ" ಅನಸ್ತೈತಿ. ಬಿಟ್ಟುಬಿಡೋದಕ್ಕಿಂತ ಮೊದಲು ಅದನ್ನ ಅವರ ಮುಂದೇ ಹೇಳಬೇಕು: "ಹೋದ ವಾರ ನೀವು ಅಂದಿದ್ದು ನನಗ ಸರಿ ಬರ್ಲಿಲ್ಲ." ಹುಟ್ಟಿದಾಗಿಂದ ದೊಡ್ಡವರಿಗೆ ಎದುರಾಡಬ್ಯಾಡ ಅಂತ ಕಲ್ತೋರು ನಾವು, ಇದು ಭಾಳ ಕಷ್ಟ. ಆದ್ರ ಅಲ್ಲಿ ಹೇಳಾಕ ಕಲ್ತ್ರ ಮನ್ಯಾಗೂ ಹೇಳಾಕ ಬರತೈತಿ. ಹೇಳಿದ ಮ್ಯಾಲೂ ಹೊಂದಲಿಲ್ಲ ಅಂದ್ರ ಬ್ಯಾರೆಯವರ ಹತ್ರ ಹೋಗ್ರಿ. ಟೇಲರ್ ಬದಲ ಮಾಡ್ತೀವಿ, ಇದರಾಗ ಯಾಕ ಸಂಕೋಚ?

ಎಲ್ಲಾ ಮೇಡಂಗಳೂ ಬಂಗಾರ ಅಂತ ನಾನು ಹೇಳಾಕತ್ತಿಲ್ಲ. ಒಂದು ಮದಿವ್ಯಾಗ ಒಬ್ಬ ಕೌನ್ಸೆಲರ್ ಊಟದ ಸಾಲಿನಾಗ ನಿಂತು, ತಮ್ಮ ಹತ್ರ ಬರೋ ಹುಡುಗಿ ಕಥಿನ್ನ ಊರು ಸಮೇತ ಹೇಳೋದನ್ನ ನನ್ನ ಕಿವಿಯಾರೆ ಕೇಳೀನಿ. ಹೆಸರು ಹೇಳ್ಲಿಲ್ಲ ಅಂತ ಅವರ ಸಮಾಧಾನ. ಸುತ್ತ ಇದ್ದ ಆರು ಮಂದ್ಯಾಗ ನಾಲ್ಕು ಮಂದಿಗೆ ಆ ಹುಡುಗಿ ಯಾರು ಅಂತ ಗೊತ್ತಾತು. ಅಂಥೋರ ಹತ್ರ ಹೋಗಬ್ಯಾಡ್ರಿ. ಇನ್ನೊಬ್ಬ ಪೇಷಂಟ್ ಕಥಿ ನಿಮಗ ಹೇಳಿದ್ರ, ನಿಮ್ಮ ಕಥಿ ಇನ್ನೊಬ್ಬರಿಗೆ ಹೇಳ್ತಾರ. ಸಾಲ ಕೇಳಿದ್ರ, ರಾತ್ರಿ ಬ್ಯಾಡಾದ ಮೆಸೇಜ್ ಕಳಿಸಿದ್ರ, ಮೈ ಮುಟ್ಟಿದ್ರ, "ಇದನ್ನ ಯಾರಿಗೂ ಹೇಳಬ್ಯಾಡ" ಅಂದ್ರ ಎದ್ದು ಬರ್ರಿ, ಬಂದು ನಮಗ ಹೇಳ್ರಿ. ಗುಟ್ಟು ಕಾಯೋ ಜವಾಬ್ದಾರಿ ಅವರದು, ಅದನ್ನ ನಿಮ್ಮ ತಲಿಮ್ಯಾಲೆ ಹೊರಿಸಿದ್ರ ಅಲ್ಲೇನೋ ಮೋಸ ಐತಿ.

ಈಗ ನಮ್ಮ ಊರಿನ ಒಂದು ಮಾತು. ಬಳ್ಳಾರಿ ಅಂದ್ರ ಬಿಸಿಲು, ಗಣಿ, ಜೀನ್ಸು ಅಂತಾರ. ಇನ್ನೊಂದು ಹೆಸರೂ ನಮಗೈತಿ, ನಮಗೇ ಗೊತ್ತಿಲ್ಲ. 1985ರಿಂದ 1990ರ ತನಕ ಬೆಂಗಳೂರಿನ ನಿಮ್ಹಾನ್ಸ್‌ನವರು ನಮ್ಮ ಜಿಲ್ಲಾದಾಗ ಒಂದು ಪ್ರಯೋಗ ಮಾಡಿದ್ರು. ಮನಸ್ಸಿನ ಕಾಯಿಲೆಗೆ ಬೆಂಗಳೂರು, ಧಾರವಾಡ ಅಂತ ಓಡಾಡೋದು ಬ್ಯಾಡ, ಹಳ್ಳಿ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರಿಗೆ, ಮನಿಮನಿಗೆ ಹೋಗೋ ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟು, ಔಷಧ ಅಲ್ಲೇ ಸಿಗೋ ಹಂಗ ಮಾಡೋದು ಅಂತ. ಅದು ನಡೀತು. ಅದಕ್ಕ "ಬಳ್ಳಾರಿ ಮಾದರಿ" ಅಂತಾನೇ ಹೆಸರು ಬಿತ್ತು. ಅದನ್ನ ನೋಡೇ 1996ರಾಗ ಕೇಂದ್ರ ಸರ್ಕಾರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವನ್ನ ನಾಲ್ಕು ಜಿಲ್ಲಾದಾಗ ಶುರು ಮಾಡಿ, ಆಮ್ಯಾಲೆ ದೇಶದ ತುಂಬ ಹಬ್ಬಿಸ್ತು. ದೇಶಕ್ಕ ದಾರಿ ತೋರಿಸಿದ ಜಿಲ್ಲಾದ ಮಂದಿ ನಾವು, ಇವತ್ತಿಗೂ ತಮಾಷಿಗೆ "ಇವನ್ನ ಧಾರವಾಡಕ್ಕ ಕಳಸ್ರಿ" ಅಂತೀವಿ, ಕೌನ್ಸೆಲಿಂಗಿಗೆ ಹೋಗೋ ಹೆಣ್ಣುಮಗಳಿಗೆ "ಹುಚ್ಚರ ಡಾಕ್ಟರ್ ಹತ್ರ ಹೋಗ್ತಾಳ" ಅಂತೀವಿ. ಔಷಧ ಹಳ್ಳಿಗೆ ಬಂದು ನಲವತ್ತು ವರ್ಷ ಆಗಾಕ ಬಂತು, ನಮ್ಮ ನಾಲಿಗಿಗೆ ಇನ್ನಾ ಔಷಧ ಬಂದಿಲ್ಲ.

ಶರಪಂಜರ ಸಿನಿಮಾ ನಾವೆಲ್ಲ ನೋಡೀವಿ. ತ್ರಿವೇಣಿಯವರ ಕಾದಂಬರಿ, 1971ರಾಗ ಪುಟ್ಟಣ್ಣ ಕಣಗಾಲ್ ತಗದಿದ್ದು. ಕಲ್ಪನಾ ಮಾಡಿದ ಕಾವೇರಿ ಬಾಣಂತನದ ನಂತರ ಮನಸ್ಸು ಕೆಟ್ಟು, ಆಸ್ಪತ್ರ್ಯಾಗ ಗುಣ ಆಗಿ ಮನಿಗೆ ಬರ್ತಾಳ. ಬಂದ ಮ್ಯಾಲೆ ಮನಿಯವರು, ಮಂದಿ ನೋಡೋ ನೋಟಾನೇ ಬದಲಾಗಿರತೈತಿ. ಆ ನೋಟಕ್ಕೇ ಅಕಿ ಮತ್ತ ಕುಸೀತಾಳ. ಟಿವ್ಯಾಗ ಬಂದಾಗೆಲ್ಲ ನಾವು ಸೆರಗಿನಾಗ ಕಣ್ಣು ಒರಸ್ಕೊಂತೀವಿ. ಆದ್ರ ಅವತ್ತು ಬದನಿಕಾಯಿ ಹೆಚ್ಚುವಾಗ ನಾವು ಯಾರ ಪಾತ್ರ ಮಾಡಿದ್ವಿ? ಕಾವೇರಿದಂತೂ ಅಲ್ಲ.

ಕೇಳಬ್ಯಾಡ ಅಂದ್ರ ಸುಮ್ನ ಇರ್ರಿ ಅಂತಲ್ಲ. ಮಾಡೋ ಕೆಲಸ ಬೇಕಾದಷ್ಟು ಅದಾವ. ಅಕಿ ಹೋಗೋ ದಿನ ಮಗೂನ್ನ ನೋಡ್ಕೋರಿ. ಅವತ್ತಿನ ಅಡಿಗಿ ನೀವು ಮಾಡ್ರಿ. ಬಸ್ಸಿಗೆ ರೊಕ್ಕ ಐತೇನು ಅಂತ ಕೇಳ್ರಿ. ಬಂದ ಮ್ಯಾಲೆ "ಉಂಡೇನು" ಅಂತ ಕೇಳ್ರಿ, "ಏನಂದ್ರು" ಅನಬ್ಯಾಡ್ರಿ. ಅತ್ತ ಕಣ್ಣು ಕಂಡ್ರ ನೀರು ಕೊಡ್ರಿ. ತಾನಾಗೇ ಹೇಳಿದ್ರ ಕೇಳ್ರಿ, ಕೇಳಿ ಅಲ್ಲೇ ಬಿಡ್ರಿ. ಒಂದು ಮಾತ್ರ ನೆನಪಿರಲಿ: ಬದುಕೋದು ಬ್ಯಾಡ ಅನ್ನೋ ಮಾತು ಯಾರ ಬಾಯಾಗ ಬಂದ್ರೂ ಅದನ್ನ ಗುಟ್ಟು ಅಂತ ಇಟ್ಕೊಂಡು ಕುಂಡ್ರಬ್ಯಾಡ್ರಿ. ಒಬ್ಬಾಕಿನ್ನ ಬಿಡಬ್ಯಾಡ್ರಿ, ಆಸ್ಪತ್ರಿಗೆ ಕರ್ಕೊಂಡು ಹೋಗ್ರಿ. 14416ಕ್ಕ ಫೋನ್ ಹಚ್ರಿ. ಅದು ಟೆಲಿ ಮಾನಸ್, 2022ರ ಅಕ್ಟೋಬರ್ 10ರಂದು ಸರ್ಕಾರ ಶುರು ಮಾಡಿದ್ದು. ಹಗಲು ರಾತ್ರಿ ಸಿಗತೈತಿ, ರೊಕ್ಕ ಇಲ್ಲ, ಕನ್ನಡದಾಗ ಮಾತಾಡಬೋದು. ಆ ರಾತ್ರಿ ಎರಡು ಗಂಟೆಗೆ ಈ ನಂಬರ್ ನನ್ನ ಫೋನಿನಾಗ ಇರ್ಲಿಲ್ಲ. ಈಗ ನಮ್ಮ ಮನಿ ಫ್ರಿಜ್ಜಿನ ಮ್ಯಾಲೆ, ಗ್ಯಾಸ್ ನಂಬರಿನ ಬಾಜೂ ಬರದು ಅಂಟಿಸೀನಿ.

ತಂಗಿ ಮತ್ತ ಹೋಗಾಕ ಹತ್ತ್ಯಾಳ. ಈಗ ನಾನು ಬೆಂಚಿನ ಮ್ಯಾಲೆ ಕುಂಡ್ರಂಗಿಲ್ಲ, ಮನ್ಯಾಗ ಅಕಿ ಮಗನ ಜೊತಿ ಇರ್ತೀನಿ. ಬಂದ ಮ್ಯಾಲೆ ಇಬ್ಬರೂ ಮಂಡಕ್ಕಿ ತಿಂತೀವಿ, ಕಾಳಿನ ರೇಟು, ಹುಡುಗನ ಸಾಲಿ ಬಗ್ಗೆ ಮಾತಾಡ್ತೀವಿ. ನನಗ ಇವತ್ತಿಗೂ ನಾಲಿಗಿ ಕಡೀತೈತಿ, ಸುಳ್ಳು ಹೇಳಂಗಿಲ್ಲ.

ಇದನ್ನ ಹಾಕೋದಕ್ಕ ಮೊದಲು ಅಕಿಗೆ ಓದಾಕ ಕೊಟ್ಟಿದ್ದೆ. ಎರಡು ಪ್ಯಾರಾ ತಗಿ ಅಂದ್ಲು, ತಗದೀನಿ. ಅದರಾಗ ಏನಿತ್ತು ಅಂತ ಮುಂದಿನ ಕಾರ್ಯದಾಗ ನನ್ನ ಕೇಳಬ್ಯಾಡ್ರಿ. ಈಳಿಗಿ ಕೊಡ್ರಿ, ಎಷ್ಟು ಬದನಿಕಾಯಿ ಇದ್ರೂ ಹೆಚ್ಚತೀನಿ.